ಮಾವ ಮಸ್ಕತ್‌ನಿಂದ ತಂದ ಸಿಡಿ ಪ್ಲೇಯರ್: ಒಪಾಂಪ್ ಬದಲಿಸೋಣ ಅಂತಿದ್ದೀನಿ, ಎಲ್ಲಿಂದ ಶುರು ಮಾಡಲಿ?

ಮಲೆನಾಡಮಳೆ | ಭಾನುವಾರ, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದಿಕೊಂಡಿದ್ದವನು, ಇದು ಮೊದಲ ಪೋಸ್ಟ್.

ಸೋದರಮಾವ ಮಸ್ಕತ್‌ನಲ್ಲಿದ್ದಾಗ 1989ರಲ್ಲಿ ಒಂದು ಸಿಡಿ ಪ್ಲೇಯರ್ ತಂದಿದ್ದರು. ಆಮೇಲೆ ಡಿವಿಡಿ ಬಂತು, ಮೊಬೈಲ್ ಬಂತು, ಇದು ಸಾಗರದ ಮನೆಯ ಅಟ್ಟ ಸೇರಿತು. ಹೋದ ತಿಂಗಳು ಅಡಿಕೆ ಚೀಲ ಇಳಿಸೋಕೆ ಹತ್ತಿದಾಗ ಕಣ್ಣಿಗೆ ಬಿತ್ತು. ‘ಬೇಕಾದ್ರೆ ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಯವನಿಗೆ’ ಅಂದರು ಮಾವ. ಬೆಂಗಳೂರಿಗೆ ಹೊತ್ತುಕೊಂಡು ಬಂದೆ.

ಹಿಂದಿನ ಸ್ಟಿಕರ್ ಅರ್ಧ ಕಿತ್ತುಹೋಗಿದೆ. ‘ಮೇಡ್ ಇನ್ ಬೆಲ್ಜಿಯಂ’ ಮಾತ್ರ ಓದಬಹುದು, ಮಾದರಿ ಸಂಖ್ಯೆ ಇಲ್ಲ. ಮುಚ್ಚಳ ಬಿಚ್ಚಿದರೆ ಒಳಗೆ ಟಿಡಿಎ1541ಎ ಇದೆ, ಡಿಸ್ಕಿನ ಅಂಕಿಗಳನ್ನ ಧ್ವನಿ ಸಂಕೇತ ಮಾಡೋ ಡ್ಯಾಕ್ ಚಿಪ್! ಪಕ್ಕದಲ್ಲಿ ಡಿಜಿಟಲ್ ಫಿಲ್ಟರ್ ಚಿಪ್ ಎಸ್‌ಎಎ7220. ಲೇಸರ್ ಹಳಿ ಮೇಲೆ ಜಾರೋ ಥರದ್ದಲ್ಲ, ಗ್ರಾಮಫೋನಿನ ಕೈಯ ಹಾಗೆ ಅರ್ಧ ವೃತ್ತದಲ್ಲಿ ಆಡುತ್ತೆ.

ಈಗಿನ ಸ್ಥಿತಿ: ಟ್ರೇ ಮೂರು ಸಲ ಒತ್ತಿದರೆ ಒಂದು ಸಲ ಹೊರಗೆ ಬರುತ್ತೆ. ಕೊನೆಯ ಹಾಡುಗಳಲ್ಲಿ ತಡವರಿಸುತ್ತೆ. ಧ್ವನಿ ಚೆನ್ನಾಗಿದೆ, ಆದರೆ ಸ್ವಲ್ಪ ಮಂಕು, ಕೆಳಸ್ವರ ಸೊರಗಿದೆ ಅನ್ನಿಸುತ್ತೆ.

ಯೋಜನೆ: ಒಪಾಂಪ್ (ಡ್ಯಾಕ್ ಆದ ಮೇಲೆ ಸಂಕೇತವನ್ನ ವರ್ಧಿಸೋ ಪುಟ್ಟ ಚಿಪ್) ತೆಗೆದು ಒಪಿಎ2134 ಹಾಕೋದು, ಔಟ್‌ಪುಟ್ ಕೆಪಾಸಿಟರ್ ಬದಲಿಸೋದು, ಧೈರ್ಯ ಬಂದರೆ ಎಸ್‌ಎಎ7220 ಕಿತ್ತು ನಾಸ್ (ನಾನ್-ಓವರ್‌ಸ್ಯಾಂಪ್ಲಿಂಗ್, ಅಂದರೆ ಡಿಜಿಟಲ್ ಫಿಲ್ಟರ್ ಇಲ್ಲದೆ ಓಡಿಸೋದು) ಮಾಡೋದು. 25 ವ್ಯಾಟ್ ಬೆಸುಗೆ ಕಡ್ಡಿ, ಮಲ್ಟಿಮೀಟರ್ ಇದೆ. ಎಲ್ಲಿಂದ ಶುರು ಮಾಡಲಿ?

ಬೆಸುಗೆಭಟ್ರು | ಭಾನುವಾರ, ಬೆಳಿಗ್ಗೆ 10.15

ಟ್ರೇ ಬರ್ತಾ ಇಲ್ಲ, ಕೊನೇ ಹಾಡು ತಡವರಿಸುತ್ತೆ, ಇನ್ನೂ ಒಪಾಂಪ್ ಮಾತು! ಸೋರೋ ಮನೆಗೆ ಬಣ್ಣ ಹೊಡೆದ ಹಾಗಾಯ್ತಲ್ಲ ಸರ್. ಮೊದಲು ರಿಪೇರಿ. ಮಾಡಿಫಿಕೇಶನ್ ಆಮೇಲೆ ನೋಡೋಣ.

ಹದಿನೈದು ವರ್ಷ ಅಟ್ಟದಲ್ಲಿ ಕೂತ ಯಂತ್ರ. ನೇರ 230ಕ್ಕೆ ಚುಚ್ಚಿದಿರಿ ಅನ್ನಿಸುತ್ತೆ, ನಿಮ್ಮ ಪುಣ್ಯ. ಇನ್ನು ಮುಂದೆ ಒಳಗೆ ಕೈ ಹಾಕಿದ ಪ್ರತಿ ಸಲವೂ ಸೀರೀಸ್ ಬಲ್ಬ್ ಮೂಲಕ, ಅಂದರೆ ಕರೆಂಟಿನ ದಾರಿಯಲ್ಲೇ ಒಂದು ಬಲ್ಬ್ ಸೇರಿಸಿ, ಆನ್ ಮಾಡಿ. 60 ವ್ಯಾಟಿನ ಹಳೇ ಬುರುಡೆ ಬಲ್ಬು, ಎಲ್‌ಇಡಿ ಅಲ್ಲ. ಒಂದು ಕ್ಷಣ ಹೊಳೆದು ಮಂದವಾದರೆ ಸರಿ. ಹಾಗೇ ಉರೀತಾ ಇದ್ದರೆ ಒಳಗೆ ಎಲ್ಲೋ ಶಾರ್ಟ್, ತಕ್ಷಣ ಪ್ಲಗ್ ಕೀಳಿ. ನಾಲ್ಕು ದಶಕದಿಂದ ರೇಡಿಯೊ, ಟೇಪು, ಟಿವಿ ರಿಪೇರಿ ಮಾಡ್ಕೊಂಡು ಬಂದಿದ್ದೀನಿ, ಈ ಬಲ್ಬು ಉಳಿಸಿಕೊಟ್ಟಷ್ಟು ದುಡ್ಡು ಯಾವ ಮೀಟರೂ ಉಳಿಸಿಲ್ಲ.

ಆಮೇಲೆ ಲೇಸರ್ ವಿಷಯ. ಬೆಳಕು 780 ನ್ಯಾನೋಮೀಟರ್, ಕಣ್ಣಿಗೆ ಕಾಣೋದಿಲ್ಲ. ಕಾಣದ್ದಕ್ಕೇ ಅಪಾಯ ಜಾಸ್ತಿ. ಉರೀತಾ ಇದೆಯೋ ಇಲ್ಲವೋ ನೋಡ್ತೀನಿ ಅಂತ ಲೆನ್ಸಿನ ಮೇಲೆ ಬಗ್ಗಬೇಡಿ.

ಇನ್ನೊಂದು. ಲೇಸರ್ ಕರೆಂಟಿಗೆ ಒಂದು ಪುಟ್ಟ ಪ್ರೀಸೆಟ್ (ಸ್ಕ್ರೂಡ್ರೈವರಿನಲ್ಲಿ ತಿರುಗಿಸೋ ರೆಸಿಸ್ಟರ್) ಇರುತ್ತೆ, ಅದನ್ನ ತಿರುಗಿಸಬೇಡಿ. ಯಾರೋ ಅಂಗಡಿಯವನು ‘ಲೇಸರ್ ವೀಕು’ ಅಂತ ಅದನ್ನ ತಿರುಚಿ, ನಾಲ್ಕು ತಿಂಗಳು ಚೆನ್ನಾಗಿ ಹಾಡಿ, ಆಮೇಲೆ ಶಾಶ್ವತವಾಗಿ ಮಲಗಿದ ಪ್ಲೇಯರ್‌ಗಳು ನನ್ನ ಹತ್ತಿರ ಎಷ್ಟೋ ಬಂದಿವೆ. ಕರೆಂಟು ಏರಿಸಿದಷ್ಟೂ ಡಯೋಡಿನ ಆಯಸ್ಸು ಕಡಿಮೆ.

ಕಡಲತಡಿ | ಭಾನುವಾರ, ಬೆಳಿಗ್ಗೆ 11.02

ಸಾಗರದ ಅಟ್ಟ ಅಂದ್ರೆ ಮಳೆಗಾಲದ ಥಂಡಿ ಪೂರಾ ಕುಡಿದಿರ್ತದೆ. ನಮ್ಮ ಉಡುಪಿಯಲ್ಲಿ ಇದು ನಿತ್ಯದ ಕತೆ ಮಾರಾಯ್ರೆ. ಲೆನ್ಸಿನ ಮೇಲೆ ತೆಳುವಾಗಿ ಹೊಗೆ ಹಿಡಿದ ಹಾಗೆ ಒಂದು ಪದರ ಉಂಟಾ ನೋಡಿ. ಇದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಹತ್ತಿಕಡ್ಡಿ, ಇಷ್ಟೇ ಸಾಕು. ಒತ್ತಬಾರದು. ಲೆನ್ಸು ಕೂದಲಿನಂಥ ತಂತಿ ಮೇಲೆ ತೂಗ್ತಾ ಇರ್ತದೆ. ಪೇಂಟ್ ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ಬರಬಾರದು, ಲೆನ್ಸು ಪ್ಲಾಸ್ಟಿಕ್ ಆಗಿದ್ರೆ ಅಲ್ಲಿಗೇ ಮುಗೀತು. ಹತ್ತು ವರ್ಷದ ಹಿಂದೆ ನಾನೇ ಒಂದು ಕೊಂದಿದ್ದೇನೆ.

ಮತ್ತೆ ಒಳಗೆ ಹಲ್ಲಿ ಮೊಟ್ಟೆ ಉಂಟಾ ನೋಡಿ. ತಮಾಷೆ ಅಲ್ಲ. ಟ್ರಾನ್ಸ್‌ಫಾರ್ಮರ್ ಬಿಸಿ ಹಲ್ಲಿಗೆ ಬಹಳ ಇಷ್ಟ.

ಟೇಪುಟೀಚರ್ | ಭಾನುವಾರ, ಮಧ್ಯಾಹ್ನ 12.30

ತಮ್ಮಾ, ನಾ ಧಾರವಾಡದಾಕಿ. ಸಾಲಿ ಕಲಿಸಿ ರಿಟಾಯರ್ ಆಗಿ ಆರು ವರ್ಷ ಆತು. ಬೆಸುಗಿ ನಮ್ಮ ಮನಿಯವರು ಕಲಿಸಿದ್ದು, ಈಗ ಅವರಿಲ್ಲ, ಕಡ್ಡಿ ಐತಿ.

ಟ್ರೇ ಬರದಿದ್ರ ಬೆಲ್ಟ್ ಸಡಲ ಆಗೇದ ಅಷ್ಟ. ಕುದಿಯೂ ನೀರಾಗ ಎರಡು ನಿಮಿಷ ಹಾಕಿ ತಗದ್ರ ತುಸು ಬಿಗಿ ಆಗ್ತದ, ಆದ್ರ ಅದು ಒಂದೆರಡು ತಿಂಗಳ ಮಾತು. ಹೊಸದು ತರೂದ ಚೊಲೋ. ಅಳತಿ ಹೆಂಗಂದ್ರ, ಎರಡೂ ಗಾಲಿ ಸುತ್ತ ಹೊಲಿಯೂ ದಾರ ಸುತ್ತಿ, ಆ ಉದ್ದಕಿಂತ ಸ್ವಲ್ಪ ಸಣ್ಣದು ತಗೋಬೇಕು. ಭಾಳ ಬಿಗಿ ಆದ್ರ ಮೋಟರ್ ಬುಶ್ ಸವೀತಾವ. ಗಾಲಿ ಮ್ಯಾಲಿನ ಹಳೇ ರಬ್ಬರಿನ ಕರಿ ಜಿಡ್ಡು ಆಲ್ಕೋಹಾಲಿನಿಂದ ಒರಸು, ಅದನ್ನ ಮರೀಬ್ಯಾಡ. ಜಿಡ್ಡಿನ ಮ್ಯಾಲ ಹೊಸ ಬೆಲ್ಟ್ ಹಾಕಿ ‘ಇದೂ ಜಾರ್ತದ’ ಅಂತ ಅಳೂ ಮಂದಿ ಭಾಳ ಅದಾರ.

ಆಸಿಲೋಸ್ಕೋಪ್ | ಭಾನುವಾರ, ಸಂಜೆ 6.20

ನನ್ನದು ಒಂದೇ ವಿನಂತಿ. ಏನನ್ನೂ ಬದಲಿಸುವ ಮೊದಲು, ಈಗಿರುವ ಸ್ಥಿತಿಯಲ್ಲೇ ಔಟ್‌ಪುಟ್ಟನ್ನು ಒಂದು ಯುಎಸ್‌ಬಿ ಸೌಂಡ್ ಕಾರ್ಡಿನಿಂದ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಒಂದು ಸಿಡಿ-ಆರ್‌ನಲ್ಲಿ 1 ಕಿಲೋಹರ್ಟ್ಸ್ ಟೋನ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗಿನ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುವ ಸ್ವರ), ನಿಮಗೆ ಚೆನ್ನಾಗಿ ಪರಿಚಯವಿರುವ ಎರಡು ಹಾಡು ಹಾಕಿ. ಸಿಡಿ-ಆರ್‌ಡಬ್ಲ್ಯೂ ಬೇಡ, ಅದು ಮಾಮೂಲಿ ಡಿಸ್ಕಿನಷ್ಟು ಬೆಳಕನ್ನು ಪ್ರತಿಫಲಿಸುವುದಿಲ್ಲ, ಹಳೆಯ ಯಂತ್ರ ಗುರುತೇ ಹಿಡಿಯುವುದಿಲ್ಲ.

ಏಕೆಂದರೆ ನಾಳೆ ಒಪಾಂಪ್ ಬದಲಿಸಿ ‘ಪರದೆ ಸರಿಸಿದ ಹಾಗಾಯ್ತು’ ಎಂದು ಬರೆಯುತ್ತೀರಿ. ನೂರು ಜನ ಬರೆದಿದ್ದಾರೆ. ಬಿಚ್ಚಿ, ಬೆಸೆದು, ಮತ್ತೆ ಕೂಡಿಸುವಷ್ಟರಲ್ಲಿ ಮೂರು ಗಂಟೆ ಕಳೆದಿರುತ್ತದೆ. ಮೂರು ಗಂಟೆಯ ಹಿಂದಿನ ಧ್ವನಿ ಯಾರ ಕಿವಿಯಲ್ಲೂ ಉಳಿದಿರುವುದಿಲ್ಲ.

ತಂತಿಪ್ರಿಯ | ಭಾನುವಾರ, ರಾತ್ರಿ 9.05

ಶುರುವಾಯ್ತಪ್ಪ ಸ್ಕೋಪ್ ಸಾಹೇಬರ ಪಾಠ 😀

ಮಲೆನಾಡಮಳೆ ಅವರೇ, ಅಳತೆ ಎಲ್ಲ ಇರಲಿ. ನಾನು ನನ್ನ 1541 ಯಂತ್ರವನ್ನು ನಾಸ್ ಮಾಡಿ ಆರು ವರ್ಷವಾಯಿತು. ತಂಬೂರಿಯ ಶ್ರುತಿ ಮೊದಲು ಒಂದು ಗೋಡೆಯ ಹಾಗೆ ಕೇಳುತ್ತಿತ್ತು, ಈಗ ನಾಲ್ಕು ತಂತಿ ಬೇರೆಬೇರೆಯಾಗಿ ಕೇಳುತ್ತವೆ. ಜಪಾನಿನ ರ್ಯೋಹೆ ಕುಸುನೋಕಿ 1990ರ ದಶಕದಲ್ಲಿ ಈ ದಾರಿ ತೋರಿಸಿದ್ದು. ಡಿಜಿಟಲ್ ಫಿಲ್ಟರ್ ಇಲ್ಲದೆ, ಡಿಸ್ಕಿನಲ್ಲಿರುವ ಅಂಕಿಗಳನ್ನು ಇದ್ದ ಹಾಗೆ ಡ್ಯಾಕ್‌ಗೆ ಕೊಡುವುದು. ಮಾಡಿ ನೋಡಿ, ಕಿವಿಯೇ ಹೇಳುತ್ತದೆ.

ಆಸಿಲೋಸ್ಕೋಪ್ | ಭಾನುವಾರ, ರಾತ್ರಿ 9.50

‘ಇದ್ದ ಹಾಗೆ’ ಎಂಬಲ್ಲೇ ಎಡವಟ್ಟು. ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಬಿಂದುಗಳಿವೆ. ಮೆಟ್ಟಿಲು ಅಲ್ಲ, ಬಿಂದುಗಳು. ಅವನ್ನು ನೇರ ಡ್ಯಾಕ್‌ಗೆ ಕೊಟ್ಟರೆ ಅದು ಪ್ರತಿ ಬಿಂದುವನ್ನೂ ಮುಂದಿನದು ಬರುವವರೆಗೆ ಹಿಡಿದು ನಿಲ್ಲುತ್ತದೆ. ಮೆಟ್ಟಿಲು ಹುಟ್ಟುವುದು ಅಲ್ಲಿ. ಈ ಹಿಡಿದು ನಿಲ್ಲುವುದರಿಂದ 20 ಕಿಲೋಹರ್ಟ್ಸ್‌ನಲ್ಲಿ 3.2 ಡೆಸಿಬೆಲ್, 10 ಕಿಲೋಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬೆಲ್ ಇಳಿಕೆ. ಇದು ಲೆಕ್ಕ, ಅಭಿಪ್ರಾಯವಲ್ಲ. ನೀವು ‘ಹಿತವಾಗಿದೆ, ಕಿವಿಗೆ ಚುಚ್ಚುವುದಿಲ್ಲ’ ಅನ್ನುವುದರಲ್ಲಿ ಇದರ ಪಾಲೂ ಇದ್ದೀತು. ಟ್ರೆಬಲ್ ನಾಬ್ ಸ್ವಲ್ಪ ಇಳಿಸಿ ನೋಡಿದ್ದೀರಾ?

ಎರಡನೆಯದು, 20 ಕಿಲೋಹರ್ಟ್ಸ್ ಸ್ವರಕ್ಕೆ 24.1ರಲ್ಲಿ ಒಂದು ನೆರಳು ಹುಟ್ಟುತ್ತದೆ. ಎಸ್‌ಎಎ7220 ಇದ್ದಾಗ ನಾಲ್ಕು ಪಟ್ಟು, ಅಂದರೆ 176.4 ಕಿಲೋಹರ್ಟ್ಸ್ ಆಗುವುದರಿಂದ ನೆರಳುಗಳು ಬಹಳ ದೂರ ಹೋಗುತ್ತವೆ, ಸಣ್ಣದೊಂದು ಅನಲಾಗ್ ಫಿಲ್ಟರ್ ಸಾಕಾಗುತ್ತದೆ. ಆ ಯಂತ್ರದೊಳಗೆ ಇರುವುದು ಆ ಸಣ್ಣ ಫಿಲ್ಟರ್ ಮಾತ್ರ. ಚಿಪ್ ಕಿತ್ತು ಅದನ್ನು ಹಾಗೇ ಬಿಟ್ಟರೆ ನೆರಳುಗಳೆಲ್ಲ ನೇರ ನಿಮ್ಮ ಆಂಪ್ಲಿಫೈಯರ್‌ಗೆ.

ತಂತಿಪ್ರಿಯ | ಭಾನುವಾರ, ರಾತ್ರಿ 10.10

24.1 ಕಿಲೋಹರ್ಟ್ಸ್ ನನ್ನ ಮನೆಯ ನಾಯಿಗೆ ಕೇಳಬಹುದು ಸಾರ್. ಅದು ಇದುವರೆಗೆ ದೂರು ಕೊಟ್ಟಿಲ್ಲ.

ಐಂಧೋವನ್‌ಅಣ್ಣ | ಸೋಮವಾರ, ಬೆಳಗಿನ ಜಾವ 3.15

ಇಲ್ಲಿ ಇನ್ನೂ ರಾತ್ರಿ, ಊಟ ಮುಗಿಸಿ ಓದ್ತಾ ಕೂತಿದ್ದೆ. ನಾನಿರೋದು ಆ ಚಿಪ್ ಹುಟ್ಟಿದ ಕಂಪನಿ ಫಿಲಿಪ್ಸ್‌ನ ಊರಲ್ಲೇ, ನೆದರ್‌ಲ್ಯಾಂಡ್ಸ್‌ನ ಐಂಧೋವನ್‌ನಲ್ಲಿ. ಫಿಲಿಪ್ಸ್‌ನ ಚಿಪ್ ವಿಭಾಗ 2006ರಲ್ಲಿ ಬೇರೆಯಾಗಿ ಎನ್‌ಎಕ್ಸ್‌ಪಿ ಆಯ್ತು. ಪ್ಲೇಯರ್‌ಗಳು ತಯಾರಾಗ್ತಾ ಇದ್ದದ್ದು ಗಡಿ ದಾಟಿದರೆ ಸಿಗೋ ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ. ನಿಮ್ಮ ಸ್ಟಿಕರ್ ಅದನ್ನೇ ಹೇಳ್ತಿರಬೇಕು.

ಈ ನಾಲ್ಕು ಪಟ್ಟಿನ ಕತೆ ಚೆಂದ ಇದೆ. ಸಿಡಿ ರೂಪಿಸುವಾಗ ಫಿಲಿಪ್ಸ್‌ನವರಿಗೆ 14 ಬಿಟ್ ಸಾಕಿತ್ತು, ಸೋನಿಯವರು 16 ಅಂತ ಪಟ್ಟು ಹಿಡಿದರು, 16 ಆಯ್ತು. ಅಷ್ಟರಲ್ಲಿ ಫಿಲಿಪ್ಸ್‌ನವರ ಕೈಯಲ್ಲಿ ಇದ್ದದ್ದು 14 ಬಿಟ್ಟಿನ ಟಿಡಿಎ1540. ಏನು ಮಾಡೋದು? ಮುಂದೆ ಎಸ್‌ಎಎ7030 ಅನ್ನೋ ಫಿಲ್ಟರ್ ಇಟ್ಟು, ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ, ಉಳಿದ ಗದ್ದಲವನ್ನ ಕಿವಿಗೆ ಕೇಳದ ಕಡೆ ತಳ್ಳಿ, 14ರಿಂದಲೇ 16ರ ಕೆಲಸ ತೆಗೆದರು. ಸೋನಿಯ ಮೊದಲ ಪ್ಲೇಯರ್ ಸಿಡಿಪಿ-101 ಜಪಾನಿನಲ್ಲಿ 1982ರ ಅಕ್ಟೋಬರ್‌ನಲ್ಲಿ ಬಂತು, ಅದರಲ್ಲಿ ಇಂಥ ಫಿಲ್ಟರ್ ಇರಲಿಲ್ಲ, ಕಡಿದಾದ ಅನಲಾಗ್ ಫಿಲ್ಟರ್ ಮಾತ್ರ. ಆಮೇಲೆ ಎಲ್ಲರೂ ಓವರ್‌ಸ್ಯಾಂಪ್ಲಿಂಗ್ (ಹೀಗೆ ಹಲವು ಪಟ್ಟು ವೇಗದಲ್ಲಿ ಓಡಿಸೋದು) ಹಿಡಿದರು. ಅಷ್ಟು ಕಷ್ಟಪಟ್ಟು ಇಟ್ಟದ್ದನ್ನ ಈಗ ನಾವು ಕಿತ್ತು ಹಾಕಿ ಅಪ್‌ಗ್ರೇಡ್ ಅಂತೀವಿ 🙂

ಒಂದು ಬೇಸರ ಹೇಳ್ಕೋತೀನಿ. ಇಲ್ಲಿ ಕ್ರಿಂಗ್‌ಲೋಪ್ ಅಂತ ಸೆಕೆಂಡ್ ಹ್ಯಾಂಡ್ ಅಂಗಡಿಗಳಿವೆ. ಮೊದಲೆಲ್ಲ ಚೆನ್ನಾಗಿರೋ ಹಳೇ ಪ್ಲೇಯರ್‌ಗಳು ಸಿಗ್ತಾ ಇದ್ದವು. ಈಗ 1541ಎಗೋಸ್ಕರ ಪೂರ್ತಿ ಪ್ಲೇಯರ್ ಕೊಂಡು, ಚಿಪ್ ಕಿತ್ತು, ಉಳಿದದ್ದನ್ನ ಎಸೀತಾರೆ. ಮಲೆನಾಡಮಳೆ, ನಿಮ್ಮ ಚಿಪ್ ಮೇಲೆ ಕಿರೀಟದ ಗುರುತಿದೆಯಾ? ಆಯ್ದ ಒಳ್ಳೇ ಚಿಪ್‌ಗಳಿಗೆ ಮಾತ್ರ ಅದನ್ನ ಹಾಕ್ತಿದ್ದರು.

ಮಲೆನಾಡಮಳೆ | ಸೋಮವಾರ, ಬೆಳಿಗ್ಗೆ 8.30

ಕಿರೀಟ ಇಲ್ಲ ಅಣ್ಣ. ಬರೀ ಟಿಡಿಎ1541ಎ. ಆನ್‌ಲೈನಲ್ಲಿ ಕಿರೀಟ ಇರೋದು ನೋಡಿದೆ, ಬೆಲೆ ಕೇಳಿ ಪರದೆ ಮುಚ್ಚಿದೆ.

ಬೆಸುಗೆಭಟ್ರು | ಸೋಮವಾರ, ಬೆಳಿಗ್ಗೆ 8.55

ಒಳ್ಳೇದೇ ಆಯ್ತು. ಅದರಲ್ಲಿ ಅರ್ಧ ಕಿರೀಟ ನಾಟಕದ ಕಿರೀಟ. ಮಾಮೂಲಿ ಚಿಪ್ಪಿನ ತಲೆ ಉಜ್ಜಿ ಹೊಸದಾಗಿ ಅಚ್ಚು ಒತ್ತಿರ್ತಾರೆ.

ಎಸ್‌ಎಎ7220 ಬಗ್ಗೆ ಒಂದು ಎಚ್ಚರಿಕೆ, ಯಾರೂ ಹೇಳಲಿಲ್ಲ. ತುಂಬ ಯಂತ್ರಗಳಲ್ಲಿ 11.2896 ಮೆಗಾಹರ್ಟ್ಸ್ ಕ್ರಿಸ್ಟಲ್ ಇರೋದು ಅದರ ಕಾಲಿಗೇ. ಹಿಂದಿನ ಡಿಕೋಡರ್ ಚಿಪ್ಪಿಗೂ ಗಡಿಯಾರ ಅಲ್ಲಿಂದಲೇ ಹೋಗುತ್ತೆ. ಕಿತ್ತರೆ ಇಡೀ ಪ್ಲೇಯರ್ ಸುಮ್ಮನಾಗುತ್ತೆ, ‘ಲೇಸರ್ ಹೋಯ್ತು’ ಅಂದ್ಕೊಂಡು ಅಳ್ತೀರಿ. ನಾಸ್ ಮಾಡೋರು ಬೇರೆ ಕ್ಲಾಕ್ ಬೋರ್ಡ್ ಹಾಕ್ತಾರೆ, ಇಲ್ಲ ಚಿಪ್ಪನ್ನ ಗಡಿಯಾರಕ್ಕಷ್ಟೇ ಉಳಿಸಿಕೊಂಡು ಡೇಟಾ ದಾರಿ ಮಾತ್ರ ತಿರುಗಿಸ್ತಾರೆ. ಕೈ ಸುಡೋಷ್ಟು ಬಿಸಿ ಇರುತ್ತೆ ಅದು, ಹೆದರಬೇಡಿ, ಅದರ ಜಾತಿಯೇ ಹಾಗೆ.

ಈಗ ಪಟ್ಟಿ. ಬೆಲ್ಟ್. ಲೆನ್ಸ್. ಪವರ್ ಸಪ್ಲೈ ಎಲೆಕ್ಟ್ರೋಲಿಟಿಕ್‌ಗಳು (ವಯಸ್ಸಾದರೆ ಒಣಗೋ ಜಾತಿಯ ಕೆಪಾಸಿಟರ್), 105 ಡಿಗ್ರಿಯವು, ವೋಲ್ಟೇಜ್ ಒಂದು ಮೆಟ್ಟಿಲು ಮೇಲಿದ್ದರೂ ಸರಿ, ಎತ್ತರ ಅಳೆದು ತನ್ನಿ, ಇಲ್ಲಾಂದ್ರೆ ಮುಚ್ಚಳ ಕೂರಲ್ಲ. ಲೇಸರನ್ನ ಹಾದಿ ತಪ್ಪದ ಹಾಗೆ ನಡೆಸೋ ಸರ್ವೊ ಬೋರ್ಡಿನ ಸಣ್ಣ ಎಲೆಕ್ಟ್ರೋಲಿಟಿಕ್‌ಗಳು, ಕೊನೇ ಹಾಡಿನ ತಡವರಿಕೆ ಅಲ್ಲಿರಬಹುದು. ಕನೆಕ್ಟರ್ ಕಾಲುಗಳ ಬೆಸುಗೆ ಭೂತಗನ್ನಡಿಯಲ್ಲಿ ನೋಡಿ, ಸುತ್ತ ಉಂಗುರದ ಹಾಗೆ ಬಿರುಕಿದ್ದರೆ ಮತ್ತೆ ಬೆಸೆಯಿರಿ. ಮೊದಲ ತಲೆಮಾರಿನ 14 ಬಿಟ್ ಯಂತ್ರವಾಗಿದ್ದಿದ್ದರೆ ಬೋರ್ಡಿನ ಎರಡು ಮಗ್ಗುಲು ಸೇರಿಸೋ ತೂತುಗಳಲ್ಲೆಲ್ಲ ತಂತಿ ತೂರಿಸಿ ಬೆಸೆಯೋ ಕೆಲಸ ಇರ್ತಿತ್ತು, ನೀವು ಪಾರಾದಿರಿ.

1541ರ ಸುತ್ತ 14 ಪುಟ್ಟ ಕೆಪಾಸಿಟರ್ ಕಾಣುತ್ತಲ್ಲ, ಒಂದೊಂದು ಚಾನೆಲ್‌ಗೆ ಏಳು, 100 ನ್ಯಾನೋಫ್ಯಾರಡ್. ಅವು ಪ್ಲಾಸ್ಟಿಕ್ ಫಿಲ್ಮ್ ಜಾತಿಯವಾಗಿದ್ದರೆ ಮುಟ್ಟಬೇಡಿ. ಫಿಲ್ಮ್ ಒಣಗಲ್ಲ.

ಒಪಾಂಪ್ ತೆಗೀಲೇಬೇಕು ಅಂತಿದ್ದರೆ, ಹಳೇದನ್ನ ಜೀವಂತ ಕೀಳೋಕೆ ಹೋಗಬೇಡಿ. ಎಂಟೂ ಕಾಲನ್ನ ಕಟ್ಟರ್‌ನಲ್ಲಿ ಕತ್ತರಿಸಿ, ಒಂದೊಂದೇ ಕಾಲು ಬಿಸಿ ಮಾಡಿ ಎತ್ತಿ. ಹತ್ತು ರೂಪಾಯಿ ಚಿಪ್ ಸತ್ತರೂ ಬೋರ್ಡ್ ಉಳೀಬೇಕು. ಆಮೇಲೆ ಸಾಕೆಟ್ ಹಾಕಿ.

ಮಲೆನಾಡಮಳೆ | ಶನಿವಾರ, ರಾತ್ರಿ 11.45

ಎರಡು ಸುದ್ದಿ, ಒಂದು ಒಳ್ಳೇದು.

ಒಳ್ಳೇದು: ಎಸ್‌ಪಿ ರೋಡಿನಿಂದ ಬೆಲ್ಟ್ ತಂದೆ, ಟೀಚರ್ ಹೇಳಿದ ದಾರದ ಅಳತೆ ಸರಿಯಾಗಿ ಬಂತು. ಟ್ರೇ ಈಗ ಬೆಣ್ಣೆ. ಲೆನ್ಸ್ ಒರೆಸಿದೆ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಪವರ್ ಸಪ್ಲೈ, ಸರ್ವೊ ಎರಡರ ಎಲೆಕ್ಟ್ರೋಲಿಟಿಕ್ ಬದಲಿಸಿದೆ. ಕೊನೇ ಹಾಡಿನವರೆಗೆ ಒಂದೂ ತಡವರಿಕೆ ಇಲ್ಲ. ಹಲ್ಲಿ ಮೊಟ್ಟೆ ಇರಲಿಲ್ಲ, ಕಣಜ ಮಣ್ಣಿನಲ್ಲಿ ಗೂಡು ಕಟ್ಟಿತ್ತು.

ಕೆಟ್ಟದು: ಇಷ್ಟಾದ ಮೇಲೆ ಖುಷಿಯಲ್ಲಿ ಎಡಗಡೆಯ ಒಪಾಂಪ್‌ಗೆ ಕೈ ಹಾಕಿದೆ. ಭಟ್ರು ಬರೆದದ್ದು ನೆನಪಿತ್ತು. ಆದರೂ ಹಳೇದು ಉಳಿದರೆ ಹೋಲಿಸಿ ನೋಡಬಹುದಲ್ಲ ಅಂತ ಆಸೆ. ಬೆಸುಗೆ ಹೀರೋ ಪಂಪ್, ವಿಕ್ ಎರಡೂ ಹಿಡಿದು ಹೋರಾಡಿದೆ. ಏಳು ಕಾಲು ಬಂದವು, ಎಂಟನೆಯದರ ಜತೆ ತಾಮ್ರದ ಗೆರೆಯೂ ಎದ್ದು ಬಂತು. ಎಡ ಚಾನೆಲ್ ಮೌನ.

ಟೇಪುಟೀಚರ್ | ಭಾನುವಾರ, ಬೆಳಿಗ್ಗೆ 6.10

ಅಳಬ್ಯಾಡೋ ತಮ್ಮಾ. ಗೆರಿ ಎಲ್ಲಿಗೆ ಹೋಗ್ತಿತ್ತು ಅಂತ ಬಲಗಡಿ ಚಾನೆಲ್ ನೋಡಿ ತಿಳಕೋ, ಎರಡೂ ಒಂದರ ಕನ್ನಡಿ ಇನ್ನೊಂದು ಇದ್ದಂಗ ಇರ್ತಾವ. ಸಾಕೆಟ್ ಕಾಲಿನಿಂದ ಆ ಗೆರಿ ಮುಟ್ಟೂ ಮುಂದಿನ ರೆಸಿಸ್ಟರ್ ಕಾಲಿಗೆ ತೆಳ್ಳನ್ನ ತಂತಿ ಎಳದು ಬೆಸಿ. ಮಲ್ಟಿಮೀಟರಿನಾಗ ಬೀಪ್ ಬಂತಂದ್ರ ಆತು. ನಮ್ಮ ಮನಿಯವರ ಟೇಪ್‌ರೆಕಾರ್ಡರ್ ಒಳಗ ಇಂಥಾ ಹನ್ನೊಂದು ತಂತಿ ಅದಾವ, ಇವತ್ತಿಗೂ ಹಾಡತೈತಿ.

ಮಲೆನಾಡಮಳೆ | ಭಾನುವಾರ, ಮಧ್ಯಾಹ್ನ 3.20

ಟೀಚರ್, ನೀವು ದೇವರು. ಎಡ ಚಾನೆಲ್ ಬಂತು.

ಬಲಗಡೆಯದನ್ನ ಕಾಲು ಕತ್ತರಿಸಿಯೇ ತೆಗೆದೆ. ಎರಡಕ್ಕೂ ಸಾಕೆಟ್. ಈಗ ಹೊಸ ಸಮಸ್ಯೆ. ‘ಒಪಿಎ2134’ ಹಾಕಿದರೆ ಬೆರಳಿಡೋಕಾಗದಷ್ಟು ಬಿಸಿ, ಹಾಡಿನ ಹಿಂದೆ ಸಣ್ಣಗೆ ಕೊರೆಯೋ ಸದ್ದು. ಪೆಟ್ಟಿಗೆಯಲ್ಲಿದ್ದ ಮಾಮೂಲಿ ಎನ್‌ಇ5532 ಹಾಕಿದರೆ ಏನೂ ತೊಂದರೆ ಇಲ್ಲ.

ಆಸಿಲೋಸ್ಕೋಪ್ | ಭಾನುವಾರ, ಮಧ್ಯಾಹ್ನ 3.48

ಎರಡು ಸಾಧ್ಯತೆ. ಒಂದು, ಚಿಪ್ ಆಸಿಲೇಟ್ ಆಗುತ್ತಿದೆ, ಅಂದರೆ ಕೇಳದಷ್ಟು ಮೇಲಿನ ಕಂಪನಾಂಕದಲ್ಲಿ ತಾನೇ ಹಾಡಿಕೊಳ್ಳುತ್ತಿದೆ. ಸಾಕೆಟ್‌ನಿಂದ ದಾರಿ ಉದ್ದವಾಗಿದೆ, ನೀವು ಎಳೆದ ತಂತಿ ಬೇರೆ ಇದೆ. ಬೋರ್ಡಿನ ಕೆಳಗೆ, 4 ಮತ್ತು 8ನೇ ಕಾಲಿನ ನಡುವೆ ನೇರವಾಗಿ 100 ನ್ಯಾನೋಫ್ಯಾರಡ್ ಸೆರಾಮಿಕ್ ಬೆಸೆದು ನೋಡಿ. ಕಾಲು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಎರಡು, ಅದು ಒಪಿಎ2134 ಅಲ್ಲವೇ ಅಲ್ಲ.

ಬೆಸುಗೆಭಟ್ರು | ಭಾನುವಾರ, ಸಂಜೆ 4.30

ಎಷ್ಟಕ್ಕೆ ತಂದಿರಿ?

ಮಲೆನಾಡಮಳೆ | ಭಾನುವಾರ, ಸಂಜೆ 4.41

ಎರಡಕ್ಕೆ ತೊಂಬತ್ತು ರೂಪಾಯಿ.

ಬೆಸುಗೆಭಟ್ರು | ಭಾನುವಾರ, ಸಂಜೆ 4.43

ಹತ್ತಿಗೆ ಅಸಿಟೋನ್ ಹಚ್ಚಿ ತಲೆ ಉಜ್ಜಿ.

ಮಲೆನಾಡಮಳೆ | ಭಾನುವಾರ, ಸಂಜೆ 5.15

ಹತ್ತಿ ಕಪ್ಪಾಯ್ತು, ಹೆಸರು ಮಾಯ. ಕೆಳಗೆ ಇನ್ಯಾವುದೋ ಅಂಕಿ ಅರ್ಧಂಬರ್ಧ ಕಾಣ್ತಿದೆ.

ತಂತಿಪ್ರಿಯ | ಭಾನುವಾರ, ಸಂಜೆ 5.30

ಇದರಲ್ಲಿ ಮಾತ್ರ ನಾನೂ ಸ್ಕೋಪ್ ಸಾಹೇಬರೂ ಒಂದೇ ಪಕ್ಷ. ಅಧಿಕೃತ ವಿತರಕರಿಂದ ತರಿಸಿ, ನಾಲ್ಕು ಪಟ್ಟು ಕೊಟ್ಟರೂ ಪರವಾಗಿಲ್ಲ. ನನ್ನ ಹತ್ತಿರ ಅಸಲಿ ಎರಡು ಹೆಚ್ಚಿಗೆ ಇವೆ, ಜಯನಗರದ ಕಡೆ ಬಂದರೆ ತಗೊಳ್ಳಿ. ಒಂದು ಕಾಫಿ ಕೊಡಿಸಿ ಸಾಕು.

ಮಲೆನಾಡಮಳೆ | ಎರಡು ವಾರದ ನಂತರ, ಶನಿವಾರ, ರಾತ್ರಿ 10.30

ಇಷ್ಟು ದಿನ ಮೌನಕ್ಕೆ ಕ್ಷಮಿಸಿ. ಆಫೀಸು, ನಡುವೆ ಊರು, ಮಳೆ.

ತಂತಿಪ್ರಿಯ ಅವರ ಅಸಲಿ ಚಿಪ್ ಹಾಕಿದೆ, 100 ನ್ಯಾನೋ ಬೆಸೆದೆ, ತಣ್ಣಗಿದೆ. ಔಟ್‌ಪುಟ್ ಕೆಪಾಸಿಟರ್ ತೆಗೆದು ಮೀಟರಿಗೆ ಹಾಕಿದಾಗ ಒಂದು ವಿಷಯ ಗೊತ್ತಾಯ್ತು. ಎರಡರ ಮೇಲೂ 22 ಮೈಕ್ರೋಫ್ಯಾರಡ್ ಅಂತ ಬರೆದಿದೆ. ಎಡಗಡೆಯದು 19. ಬಲಗಡೆಯದು 0.3.

ಸ್ಕೋಪ್ ಸರ್ ಹೇಳಿದ ಹಾಗೆ ಮೂರು ಹಂತದಲ್ಲೂ ರೆಕಾರ್ಡ್ ಮಾಡಿಟ್ಟಿದ್ದೆ. ‘ಅ’ ಅಂದರೆ ಅಟ್ಟದಿಂದ ಇಳಿಸಿದ ಹಾಗೇ. ‘ಆ’ ಅಂದರೆ ಎಲ್ಲ ಎಲೆಕ್ಟ್ರೋಲಿಟಿಕ್ ಬದಲಿಸಿ, ಔಟ್‌ಪುಟ್‌ಗೆ 2.2 ಮೈಕ್ರೋಫ್ಯಾರಡ್ ಫಿಲ್ಮ್ ಹಾಕಿದ ಮೇಲೆ, ಒಪಾಂಪ್ ಮಾತ್ರ ಸಾಕೆಟ್‌ನಲ್ಲಿ 5532. ‘ಇ’ ಅಂದರೆ ಅದಷ್ಟೂ ಹಾಗೇ ಇದ್ದು ಒಪಿಎ2134.

1 ಕಿಲೋಹರ್ಟ್ಸ್ ಟೋನ್ ‘ಆ’ದಲ್ಲಿ 2.00 ವೋಲ್ಟ್, ‘ಇ’ಯಲ್ಲಿ 2.02. ಕಂಪ್ಯೂಟರಿನಲ್ಲಿ ಮಟ್ಟ ಸಮ ಮಾಡಿ, ಹೆಂಡತಿಗೆ ಮೌಸ್ ಕೊಟ್ಟು ನಾನು ಗೋಡೆ ಕಡೆ ತಿರುಗಿ ಕೂತೆ. ಪ್ರತಿ ಜೋಡಿಗೂ 16 ಸಲ, ಹಾಡ್ತಿರೋದು ಯಾವುದು ಅಂತ ನಾನು ಹೇಳಬೇಕು.

‘ಅ’ ಮತ್ತು ‘ಆ’: 16ಕ್ಕೆ 16 ಸರಿ. ಅವಳೇ ‘ಇದು ನಂಗೂ ಗೊತ್ತಾಗುತ್ತೆ, ಮೃದಂಗದ ಎಡಗೈ ಬಂತಲ್ಲ’ ಅಂದಳು.

‘ಆ’ ಮತ್ತು ‘ಇ’: 16ಕ್ಕೆ 9.

ಆಸಿಲೋಸ್ಕೋಪ್ | ಶನಿವಾರ, ರಾತ್ರಿ 10.58

16ಕ್ಕೆ 12 ಬಂದಿದ್ದರೆ ಗಂಭೀರವಾಗಿ ತೆಗೆದುಕೊಳ್ಳಬಹುದಿತ್ತು. 9 ಅಂದರೆ ನಾಣ್ಯ ಚಿಮ್ಮಿದ ಹಾಗೆ.

0.3ರ ಲೆಕ್ಕ ನೋಡಿ. ನಿಮ್ಮ ಆಂಪ್ಲಿಫೈಯರಿನ ಇನ್‌ಪುಟ್ 10 ಕಿಲೋಓಮ್ ಅಂದುಕೊಂಡರೆ ಕಡಿತ ಶುರುವಾಗುವುದು 53 ಹರ್ಟ್ಸ್ ಹತ್ತಿರ. ಅಂದರೆ 50 ಹರ್ಟ್ಸ್‌ನಲ್ಲಿ ಬಲ ಚಾನೆಲ್ 3 ಡೆಸಿಬೆಲ್‌ಗಿಂತ ಹೆಚ್ಚೇ ಇಳಿದಿರುತ್ತದೆ. ನೀವು ಮೊದಲ ದಿನ ‘ಕೆಳಸ್ವರ ಸೊರಗಿದೆ’ ಎಂದು ಬರೆದಿರಿ. ನಾನು ಒಳಗೊಳಗೇ ನಕ್ಕಿದ್ದೆ, ಎಲ್ಲರೂ ಹಾಗೇ ಬರೆಯುತ್ತಾರೆ ಅಂತ. ತಪ್ಪಾಯಿತು. ನಿಮ್ಮ ಕಿವಿ ಸರಿಯಾಗಿತ್ತು, ಒಪಾಂಪ್ ಕಡೆ ಬೆರಳು ತೋರಿಸಿದ್ದು ಮಾತ್ರ ಸರಿಯಿರಲಿಲ್ಲ.

ತಂತಿಪ್ರಿಯ | ಭಾನುವಾರ, ಬೆಳಿಗ್ಗೆ 7.40

ಕಂಪ್ಯೂಟರಿಗೆ ರೆಕಾರ್ಡ್ ಮಾಡಿ ಕೇಳಿದರೆ ಆ ಸೌಂಡ್ ಕಾರ್ಡಿನ ಧ್ವನಿಯೂ ಸೇರಿರುತ್ತದೆ ಎಂದು ವಾದ ಮಾಡಬಹುದು. ಮಾಡುವುದಿಲ್ಲ. ನಿನ್ನೆ ರಾತ್ರಿ ನಾನೂ ನನ್ನ ನಾಸ್ ಯಂತ್ರದಿಂದ ಸ್ವೀಪ್ ರೆಕಾರ್ಡ್ ಮಾಡಿದೆ. ಮೇಲ್ಗಡೆ ಸಾಹೇಬರು ಹೇಳಿದ ಹಾಗೇ ಇಳಿಜಾರಿದೆ. ಈಕ್ವಲೈಜರಿನಲ್ಲಿ ಅಷ್ಟೇ ಇಳಿಜಾರನ್ನು ಇನ್ನೊಂದು ಪ್ಲೇಯರಿಗೆ ಕೊಟ್ಟು ಕೇಳಿದೆ. ತುಂಬ ಹತ್ತಿರ ಬಂತು. ಪೂರ್ತಿ ಅದೇ ಅಂತ ಒಪ್ಪುವುದಿಲ್ಲ. ತಂಬೂರಿ ಇನ್ನೂ ಇದರಲ್ಲೇ ಚೆಂದ ನನಗೆ, ಹಾಗಾಗಿ ಅದನ್ನು ಹಾಗೇ ಇಟ್ಟುಕೊಳ್ಳುತ್ತೇನೆ.

ಆಸಿಲೋಸ್ಕೋಪ್ | ಭಾನುವಾರ, ಬೆಳಿಗ್ಗೆ 8.02

ಇಟ್ಟುಕೊಳ್ಳಿ. ಇಷ್ಟಕ್ಕೆ ನನ್ನ ತಕರಾರು ಯಾವತ್ತೂ ಇರಲಿಲ್ಲ.

ಐಂಧೋವನ್‌ಅಣ್ಣ | ಭಾನುವಾರ, ಮಧ್ಯಾಹ್ನ 1.20

ಹಾಗಾದ್ರೆ 7220 ಉಳೀತು ಅಂತಾಯ್ತು, ಸಂತೋಷ. ಅದನ್ನ ಕೀಳದೇ ಮಾಡೋ ಒಂದು ಉಪಯೋಗದ ಕೆಲಸ ಇದೆ. ನಿಮ್ಮ ಯಂತ್ರದ ಹಿಂದೆ ಡಿಜಿಟಲ್ ಔಟ್ ಇಲ್ಲದಿದ್ದರೂ ಆ ಚಿಪ್ಪಿನ 14ನೇ ಕಾಲಲ್ಲಿ ಡಿಜಿಟಲ್ ಸಿಗ್ನಲ್ ತಯಾರಾಗಿ ನಿಂತಿರುತ್ತೆ. ಎರಡು ರೆಸಿಸ್ಟರ್, ಒಂದು ಪುಟ್ಟ ಪಲ್ಸ್ ಟ್ರಾನ್ಸ್‌ಫಾರ್ಮರ್ ಹಾಕಿ ಅರ್ಧ ವೋಲ್ಟಿಗೆ ಇಳಿಸಿ, 75 ಓಮ್ ಕೇಬಲ್‌ನಲ್ಲಿ ಹಿಂದಿನ ಸಾಕೆಟ್‌ಗೆ ತಂದರೆ ಯಾವ ಹೊಸ ಡ್ಯಾಕ್‌ಗೂ ಕೊಡಬಹುದು. ತೂತು ಕೊರೆಯುವಾಗ ಲೋಹದ ಪುಡಿ ಬೋರ್ಡಿನ ಮೇಲೆ ಬೀಳದ ಹಾಗೆ ಒದ್ದೆ ಬಟ್ಟೆ ಹಾಸಿ. ಬೋರ್ಡು ಹೊರಗೆ ತೆಗೆದಿಟ್ಟು ಕೊರೆದರೆ ಇನ್ನೂ ಒಳ್ಳೇದು.

ಮಲೆನಾಡಮಳೆ | ಭಾನುವಾರ, ರಾತ್ರಿ 9.30

ಅದು ದೀಪಾವಳಿ ರಜೆಗೆ. ಅಷ್ಟರವರೆಗೆ ಮುಚ್ಚಳಕ್ಕೆ ಸ್ಕ್ರೂ ಹಾಕ್ತೀನಿ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೀನಿ, ಊಟದ ಮೇಜು ಮೂರು ವಾರದಿಂದ ನನ್ನ ವಶದಲ್ಲಿತ್ತು.

ಇವತ್ತು ಮಾವ ಡಾಕ್ಟರ್ ಹತ್ತಿರ ತೋರಿಸೋಕೆ ಬೆಂಗಳೂರಿಗೆ ಬಂದಿದ್ದರು. ಒಂದು ಡಿಸ್ಕ್ ಪೂರ್ತಿ ಕೂತು ಕೇಳಿದರು. ಮುಗಿದ ಮೇಲೆ ಎದ್ದು ಹೋಗಿ ಟ್ರೇ ಬಟನ್ ಒತ್ತಿ, ಹೊರಗೆ ಬಂದದ್ದು ನೋಡಿ, ಮತ್ತೆ ಒತ್ತಿ ಒಳಗೆ ಕಳಿಸಿ, ‘ಇದರ ರಿಮೋಟು ಅಟ್ಟದಲ್ಲೇ ಇರ್ಬೇಕು ಕಣೋ, ಗಂಧದ ಪೆಟ್ಟಿಗೆ ಹಿಂದೆ’ ಅಂದರು. ಒಪಾಂಪ್ ಬಗ್ಗೆ ಹೇಳೋಣ ಅಂತ ಬಾಯಿ ತೆರೆದವನು ಸುಮ್ಮನಾದೆ.

ಟೇಪುಟೀಚರ್ | ಭಾನುವಾರ, ರಾತ್ರಿ 9.52

ರಿಮೋಟ್ ಸಿಕ್ಕ ಕೂಡ್ಲೆ ಒಳಗ ಹಳೇ ಸೆಲ್ ಸೋರ್ಯಾವೇನು ನೋಡು. ಹಸರಗೆ ಆಗಿದ್ರ ವಿನೆಗರ್ ಒಂದು ಹನಿ, ಆಮ್ಯಾಲ ಆಲ್ಕೋಹಾಲ್.

ಹೊಸಪೇಟೆಹುಡುಗ | ಮಂಗಳವಾರ, ರಾತ್ರಿ 8.14

ಸರ್ ಈ ಚರ್ಚೆ ಪೂರ್ತಿ ಓದಿದೆ, ತುಂಬಾ ಉಪಯೋಗ ಆಯ್ತು. ನಂಗೂ ಒಂದು ಹಳೇ ಪ್ಲೇಯರ್ ಸಿಕ್ಕಿದೆ, ಜಪಾನಿಂದು. ಇವಾಗಷ್ಟೇ ಪ್ಲಗ್ ಹಾಕಿದೆ, ಒಂದು ಸಲ ಗುಂಯ್ ಅಂತು, ವಾಸನೆ ಬಂತು, ಈಗ ಡಿಸ್ಪ್ಲೇ ಇಲ್ಲ. ಹಿಂದೆ 100 ವಿ ಅಂತ ಬರೆದಿದೆ. ಒಪಾಂಪ್ ಹೋಗಿರಬಹುದಾ?

ಬೆಸುಗೆಭಟ್ರು | ಮಂಗಳವಾರ, ರಾತ್ರಿ 8.16

ಮೊದಲು ಗೋಡೆಯಿಂದ ಪ್ಲಗ್ ಕೀಳಿ. ಕಿತ್ತಾದ ಮೇಲೆ ಟ್ರಾನ್ಸ್‌ಫಾರ್ಮರ್ ಫೋಟೊ ತೆಗೆದು ಬೇರೆ ಚರ್ಚೆ ತೆರೆಯಿರಿ, ಅಲ್ಲಿಗೆ ಬರ್ತೀನಿ.